ಒಂದೇ ಒಂದು ಸಲವೂ ಕೈಕೊಡದ ಕೋವಿ

"ಹದಿನೈದು ವರ್ಷವಾಯಿತು, ಒಂದೇ ಒಂದು ಸಲವೂ ಕೈಕೊಟ್ಟಿಲ್ಲ."

ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೋಗುವ ಯಾರನ್ನಾದರೂ ಅವರ ಸೆಮಿ ಆಟೋಮ್ಯಾಟಿಕ್ ಕೋವಿಯ ಬಗ್ಗೆ ಕೇಳಿ ನೋಡಿ, ಮೊದಲು ಬರುವುದು ಈ ಮಾತು. ಪೆನ್ಸಿಲ್ವೇನಿಯಾದಲ್ಲಿ ನಮ್ಮ ಪಕ್ಕದ ಮನೆಯವರೂ ಇದನ್ನೇ ಹೇಳಿದರು. ಹೇಳುವಾಗ ಕೋವಿಯ ಬೆನ್ನನ್ನು ಹಸುವಿನ ಬೆನ್ನು ಸವರಿದಂತೆ ಸವರಿದರು. ಹೆತ್ತವರಿಗೆ ಹೆಗ್ಗಣವೇ ಮುದ್ದು; ಹತ್ತಿರ ಹತ್ತಿರ 2,000 ಡಾಲರ್ ಎಣಿಸಿದವರಿಗೆ ಕೋವಿ ಮುದ್ದಾಗದೆ ಇದ್ದೀತೆ? ನಾನು ಕೇಳಿದ್ದು ಒಂದೇ ಪ್ರಶ್ನೆ: ಈ ಹದಿನೈದು ವರ್ಷದಲ್ಲಿ ಒಟ್ಟು ಎಷ್ಟು ಈಡು ಹಾರಿಸಿದ್ದೀರಿ? ಅವರು ಬೆರಳು ಮಡಿಚಿ ಲೆಕ್ಕ ಹಾಕತೊಡಗಿದರು. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು.

ಅಂದರೆ 45. ಹಾರುವ ಮಣ್ಣಿನ ಬಿಲ್ಲೆಗೆ ಗುರಿ ಇಡುವ ಟ್ರ್ಯಾಪ್ ಆಟದಲ್ಲಿ ಒಂದು ಸುತ್ತಿಗೆ 25 ತೋಟೆ ಖರ್ಚಾಗುತ್ತದೆ. ಭಾನುವಾರ ಬೆಳಿಗ್ಗೆ ಎರಡು ಸುತ್ತು ಆಡಿ ಕಾಫಿಗೆ ಮನೆಗೆ ಬರುವವನು ನಮ್ಮ ನೆರೆಯವರ ಹದಿನೈದು ವರ್ಷದ ಅನುಭವವನ್ನು ಒಂದು ಗಂಟೆಯಲ್ಲಿ ದಾಟಿರುತ್ತಾನೆ. ಸಂಖ್ಯಾಶಾಸ್ತ್ರದವರ ಹತ್ತಿರ ಇಂಥದ್ದಕ್ಕೊಂದು ಸುಲಭದ ಲೆಕ್ಕವಿದೆ. ಎಷ್ಟೋ ಸಲ ಪ್ರಯತ್ನಿಸಿ ಒಮ್ಮೆಯೂ ತಪ್ಪಾಗಿಲ್ಲ ಎಂದರೆ, ಮೂರನ್ನು ಆ ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ. ನಿಜವಾದ ತಪ್ಪಿನ ಪ್ರಮಾಣ ಅಷ್ಟರವರೆಗೂ ಇರಬಹುದು ಎಂದು ಶೇಕಡಾ 95ರ ಭರವಸೆಯಲ್ಲಿ ಹೇಳಬಹುದು. 45ಕ್ಕೆ ಮೂರು, ಅಂದರೆ 15ಕ್ಕೆ ಒಂದು. ಹದಿನೈದು ಸಲಕ್ಕೊಮ್ಮೆ ಮುಷ್ಕರ ಹೂಡುವ ಕೋವಿಯೂ ನಮ್ಮ ನೆರೆಯವರ ಕೈಯಲ್ಲಿ ಅಪ್ಪಟ ಪ್ರಾಮಾಣಿಕನಂತೆ ಇದ್ದುಬಿಡಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಮಾತಿಗೆ ಅಷ್ಟು ತೂಕವಿಲ್ಲ, ಅಷ್ಟೆ.

ಟರ್ಕಿ ಕೋವಿಯ ಮಾಲೀಕರ ಅಭಿಪ್ರಾಯಗಳನ್ನು ತೂಗಿ ನೋಡುವುದು ಕಷ್ಟವಾಗುವುದೇ ಇಲ್ಲಿ. ಬಾತುಕೋಳಿಯ ಬೇಟೆಗಾರ ಕೆಸರು, ಹಿಮ, ಜೌಗಿನಲ್ಲಿ ಒಂದು ಚಳಿಗಾಲಕ್ಕೆ ನೂರಾರು ತೋಟೆ ಮುಗಿಸುತ್ತಾನೆ. ಅವನ ದೂರಿಗೂ ಹೊಗಳಿಕೆಗೂ ಹಿಂದೆ ಅನುಭವದ ರಾಶಿ ಇರುತ್ತದೆ. ಟರ್ಕಿಯ ಬೇಟೆ ಹಾಗಲ್ಲ. ಪೆನ್ಸಿಲ್ವೇನಿಯಾದ ವಸಂತ ಋತುವಿನಲ್ಲಿ ಒಬ್ಬರಿಗೆ ಒಂದು ಕೋಳಿ, ಇನ್ನೊಂದು ಲೈಸೆನ್ಸ್ ಕೊಂಡರೆ ಎರಡು. ಅದೂ ಎದೆಯಲ್ಲಿ ಗಡ್ಡದಂಥ ಕುಚ್ಚು ಇರುವ ಹಕ್ಕಿಯೇ ಆಗಬೇಕು. ಹೆಚ್ಚು ಕಡಿಮೆ ಹುಂಜವೇ ಎಂದರ್ಥ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಬೇಟೆಯಾಡಿ ಆಡಿಯೇ ಅಳಿವಿನ ಅಂಚಿಗೆ ತಂದಿದ್ದ ಹಕ್ಕಿ ಇದು. ಆಮೇಲೆ ಕಾಡಿನ ಟರ್ಕಿಗಳನ್ನು ಬಲೆಯಲ್ಲಿ ಹಿಡಿದು ಬೇರೆ ಬೇರೆ ಕಾಡಿಗೆ ಸಾಗಿಸಿ ಬಿಟ್ಟದ್ದರಿಂದ ಇವತ್ತು ಅಲಾಸ್ಕಾ ಒಂದನ್ನು ಬಿಟ್ಟು ಎಲ್ಲ ರಾಜ್ಯಗಳಲ್ಲೂ ಇದೆ. ಹಾಗಾಗಿ ಕಾನೂನು ಬಿಗಿ.

ಬೇಟೆಯ ಕ್ರಮವೂ ವಿಚಿತ್ರ. ಬೆಳಕು ಹರಿಯುವ ಮೊದಲೇ ಕಾಡಿಗೆ ಹೋಗಿ, ಮೈಯೆಲ್ಲ ಎಲೆಬಣ್ಣದ ಬಟ್ಟೆ ತೊಟ್ಟು, ಮುಖಕ್ಕೂ ಮುಸುಕು ಹಾಕಿ ಮರಕ್ಕೆ ಬೆನ್ನು ಕೊಟ್ಟು ಕೂರಬೇಕು. ಕೆಂಪು, ಬಿಳಿ, ನೀಲಿ ಯಾವುದೂ ಮೈಮೇಲೆ ಇರಕೂಡದು. ಹುಂಜದ ತಲೆಯ ಬಣ್ಣಗಳೇ ಅವು, ಇನ್ನೊಬ್ಬ ಬೇಟೆಗಾರ ನಿಮ್ಮ ಕಾಲುಚೀಲಕ್ಕೆ ಗುರಿ ಇಟ್ಟಾನು. ಮರದ ಡಬ್ಬಿ ಉಜ್ಜಿಯೋ ಸ್ಲೇಟಿನ ಮೇಲೆ ಕಡ್ಡಿ ಎಳೆದೋ ಹೇಂಟೆಯ ಹಾಗೆ ಕರೆಯಬೇಕು. ಮರದ ಮೇಲೆ ರಾತ್ರಿ ಕಳೆದ ಹುಂಜ ಇಳಿದು ಬಂದರೆ ಬಂತು. ನಲವತ್ತು ಗಜದೊಳಗೆ ತಲೆ ಎತ್ತಿ ನಿಂತಾಗ ತಲೆಗೂ ಕತ್ತಿಗೂ ಚರೆ ಬೀಳುವಂತೆ ಒಂದು ಈಡು. ನಾನು ನೆರೆಯವರ ಜೊತೆ ಹೋದ ದಿನ ಐದು ಗಂಟೆ ಕೂತೆವು, ಸೊಳ್ಳೆ ಬಿಟ್ಟರೆ ಬೇರೆ ಯಾವ ಜೀವವೂ ಹತ್ತಿರ ಬರಲಿಲ್ಲ.

ಇಷ್ಟೆಲ್ಲ ತಪಸ್ಸಿನ ಕೊನೆಗೆ ಕೋವಿ ಮಾಡಬೇಕಾದ ಕೆಲಸ ಒಂದು ಸಲ ಸಿಡಿಯುವುದು. ಸೆಮಿ ಆಟೋಮ್ಯಾಟಿಕ್ ಎಂಬ ಹೆಸರಿನ ಹೆಚ್ಚುಗಾರಿಕೆ ಇರುವುದು ಎರಡನೆಯ ಈಡಿನಲ್ಲಿ: ಖಾಲಿ ತೋಟೆಯನ್ನು ತಾನೇ ಉಗುಳಿ, ಹೊಸದನ್ನು ತಾನೇ ತುಂಬಿಕೊಳ್ಳುವುದರಲ್ಲಿ. ಮಾಲೀಕರು ಈ ಎರಡನ್ನೂ 'ನೆಚ್ಚಬಹುದಾದ ಕೋವಿ' ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಚರೆ ಎಲ್ಲಿ ಹೋಗಿ ಬೀಳುತ್ತದೆ ಎಂಬ ಮೂರನೆಯದನ್ನೂ ಕೆಲವರು ಅದಕ್ಕೇ ಸೇರಿಸುತ್ತಾರೆ. ಗುರಿ ಒಂದು ಗೇಣು ಮೇಲಕ್ಕೆ ಹೋಗಿ ಹುಂಜ ಹಾರಿಹೋದರೆ ಅದೂ 'ಕೋವಿ ಕೈಕೊಟ್ಟಿತು' ಎಂದೇ ದಾಖಲಾಗುತ್ತದೆ.

ಸಕಲೇಶಪುರದ ಕಡೆಯ ತೋಟದ ಮನೆಯಲ್ಲಿ ಬೆಳೆದವನು ನಾನು. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಜೋಡಿನಳಿಗೆ ಕೋವಿಯೊಂದು ಅಜ್ಜನ ಹತ್ತಿರ ಇತ್ತು. ಆಷಾಢದ ಮಳೆಗೆ ರಟ್ಟಿನ ತೋಟೆಗಳು ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಅಜ್ಜ ಅವನ್ನು ಅಕ್ಕಿಯ ಡಬ್ಬದಲ್ಲಿ ಹೂತಿಡುತ್ತಿದ್ದರು, ಅಜ್ಜಿ ಬೈಯುತ್ತಿದ್ದರು. ಒಮ್ಮೆ ಹಂದಿಯನ್ನು ಬೆದರಿಸಲು ಹೋಗಿ ಒಂದು ನಳಿಗೆ ಟಪ್ ಎಂದು ಸುಮ್ಮನಾಯಿತು. ಅಜ್ಜ ಬೆರಳನ್ನು ಹಿಂದಿನ ಟ್ರಿಗರ್‌ಗೆ ಸರಿಸಿ ಇನ್ನೊಂದನ್ನು ಹಾರಿಸಿದರು. 'ಕೋವಿ ಕೆಟ್ಟಿದೆ' ಎಂದು ಅವರು ಅಂದದ್ದನ್ನು ನಾನು ಕೇಳಿಲ್ಲ, 'ತೋಟೆ ಶೀತ ಹಿಡಿದಿದೆ' ಎನ್ನುತ್ತಿದ್ದರು. ಜೋಡಿನಳಿಗೆ ಎಂದರೆ ಒಂದೇ ಹಿಡಿಗೆ ಕಟ್ಟಿದ ಎರಡು ಕೋವಿ. ಒಂದರ ತಪ್ಪು ಇನ್ನೊಂದಕ್ಕೆ ತಗಲುವುದಿಲ್ಲ. ಸೆಮಿ ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ, ಮೊದಲನೆಯದು ಹಾರಿದರೆ ಮಾತ್ರ ಎರಡನೆಯದಕ್ಕೆ ಬದುಕು.

ಇಷ್ಟು ತಿಳಿದುಕೊಂಡು ಮಾಲೀಕರ ಮಾತಿಗೆ ಕಿವಿಗೊಟ್ಟರೆ ಹೊಗಳಿಕೆಗಿಂತ ದೂರುಗಳೇ ಬೆಲೆಬಾಳುತ್ತವೆ. ಎಲ್ಲಕ್ಕಿಂತ ಹೆಸರಾದದ್ದು ಇಟಲಿಯ ಬೆನೆಲ್ಲಿ ಕೋವಿಗಳ 'ಕ್ಲಿಕ್'. ಉರ್ಬಿನೊ ಊರಿನಲ್ಲಿ 1967ರಲ್ಲಿ ಶುರುವಾದ ಈ ಕಂಪನಿಗೆ ಬ್ರೂನೋ ಚಿವೊಲಾನಿ ಎಂಬ ತಂತ್ರಜ್ಞ ಹೊಸೆದುಕೊಟ್ಟ ಉಪಾಯ ಬಹಳ ಚೆಲುವಾದದ್ದು. ನಿಂತ ಬಸ್ಸು ಗಕ್ಕನೆ ಹೊರಟರೆ ಕಂಬಿ ಹಿಡಿಯದೆ ನಿಂತವನು ಹಿಂದಕ್ಕೆ ವಾಲುತ್ತಾನಲ್ಲ, ಕೋವಿಯೊಳಗೆ ನಡೆಯುವುದು ಅದೇ. ಈಡು ಹಾರಿದಾಗ ಇಡೀ ಕೋವಿ ಹಿಂದಕ್ಕೆ ಒದೆಯುತ್ತದೆ, ಒಳಗೆ ನಳಿಗೆಯ ಹಿಂಬಾಯಿ ಮುಚ್ಚುವ ಭಾರವಾದ ಬೋಲ್ಟು ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ನಡುವೆ ಇರುವ ಗಿಡ್ಡ ಸ್ಪ್ರಿಂಗು ಅಮುಕಿಕೊಂಡು ಮರುಕ್ಷಣ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಅನಿಲವಿಲ್ಲ, ಪಿಸ್ಟನ್ನಿಲ್ಲ, ಮಸಿಯೂ ಹೆಚ್ಚು ಕಟ್ಟುವುದಿಲ್ಲ. 1991ರಲ್ಲಿ ಬಂದ ಸೂಪರ್ ಬ್ಲ್ಯಾಕ್ ಈಗಲ್ ಮೂರೂವರೆ ಇಂಚಿನ ತೋಟೆ ನುಂಗುವ ಮೊದಲ ಸೆಮಿ ಆಟೋಮ್ಯಾಟಿಕ್ ಎಂದು ಹೆಸರು ಮಾಡಿತು.

ತೊಡಕು ಅದೇ ಗಿಡ್ಡ ಸ್ಪ್ರಿಂಗಿನದು. ಬೋಲ್ಟಿನ ತಲೆ ತಿರುಗಿ ಭದ್ರವಾಗಿ ಬೀಗ ಬೀಳಬೇಕಾದರೆ ಬೋಲ್ಟು ರಭಸದಿಂದ ಮುಂದಕ್ಕೆ ಅಪ್ಪಳಿಸಬೇಕು. ಮೆಲ್ಲಗೆ ಬಿಟ್ಟರೆ ಕೂದಲೆಳೆಯಷ್ಟು ಹಿಂದೆ ನಿಂತುಬಿಡುತ್ತದೆ. ಆಗ ಟ್ರಿಗರ್ ಎಳೆದರೆ ಬರುವುದು ಬರೀ ಕ್ಲಿಕ್. ಟರ್ಕಿಯ ಬೇಟೆಗಾರನಾದರೋ ತೋಟೆ ತುಂಬಿ ಬೋಲ್ಟನ್ನು ಬಿಡುವುದೇ ಮೆಲ್ಲಗೆ! ಕತ್ತಲಲ್ಲಿ, ನೂರು ಗಜದಾಚೆ ಮರದ ಮೇಲೆ ಹುಂಜ ಕೂತಿರುವಾಗ ಖಟಾರೆಂದು ಬೋಲ್ಟು ಬಿಡುವ ಧೈರ್ಯ ಯಾರಿಗೆ? ಅಂಗೈಯಲ್ಲಿ ಹಿಡಿದು, ಮಲಗಿದ ಮಗುವಿನ ಕೋಣೆಯ ಬಾಗಿಲು ಹಾಕಿದ ಹಾಗೆ ಮುಚ್ಚುತ್ತಾನೆ. ಜೌಗಿನಲ್ಲಿ ಬಾತು ಹೊಡೆಯುವವನ ಕೈಯಲ್ಲಿ ವರ್ಷಗಟ್ಟಲೆ ಮಾತು ಕೇಳಿದ ಅದೇ ಕೋವಿ, ಟರ್ಕಿಯವನ ಕೈಯಲ್ಲಿ ಮುಖ್ಯವಾದ ಒಂದು ಗಳಿಗೆಯಲ್ಲಿ ಮೂಕವಾಗುತ್ತದೆ. ಇಬ್ಬರೂ ತಮ್ಮ ತಮ್ಮ ಅಭಿಪ್ರಾಯವನ್ನು ಆಣೆಯಿಟ್ಟು ಹೇಳುತ್ತಾರೆ, ಇಬ್ಬರದೂ ನಿಜ. ಕಂಪನಿ ಆಮೇಲಿನ ಮಾದರಿಗಳಲ್ಲಿ ಬೋಲ್ಟು ಸರಿಯಾಗಿ ಬೀಗ ಬೀಳುವಂತೆ ತಿದ್ದುಪಡಿ ಮಾಡಿದ್ದನ್ನು ನೋಡಿದರೆ ದೂರಿನಲ್ಲಿ ಹುರುಳಿತ್ತು ಎಂದಾಯಿತು. ಇಂಥ ಒಂದು ದೂರು ನೂರು 'ಕೈಕೊಟ್ಟಿಲ್ಲ'ಗಳಿಗಿಂತ ಮೇಲು. ಕೋವಿ ಯಾವಾಗ, ಯಾವ ಕಾರಣಕ್ಕೆ, ಯಾರ ಕೈಯಲ್ಲಿ ನಿಲ್ಲುತ್ತದೆ ಎಂಬುದು ಅದರಲ್ಲಿದೆ.

ಇನ್ನೊಂದು ಬಗೆಯದು ಅನಿಲದಿಂದ ನಡೆಯುವ ಕೋವಿ. 1963ರ ರೆಮಿಂಗ್ಟನ್ 1100, 1987ರ 11-87 ಇವುಗಳ ಹಿರಿಯರು. ನಳಿಗೆಯ ತೂತಿನಿಂದ ಒಂದಿಷ್ಟು ಅನಿಲವನ್ನು ಕದ್ದು ಪಿಸ್ಟನ್ ತಳ್ಳುತ್ತವೆ. ಒದೆತ ಮೆತ್ತಗೆ, ಭುಜಕ್ಕೆ ಸುಖ. ಇವುಗಳಲ್ಲೊಂದು ರಬ್ಬರ್ ಉಂಗುರವಿದೆ, ನಲ್ಲಿಯ ವಾಷರ್‌ನಂಥದ್ದು. ಅದು ಒಣಗಿ ಬಿರುಕುಬಿಟ್ಟರೆ ಅನಿಲ ಸೋರಿ ಕೋವಿ ಒಂಟಿ ಈಡಿನದಾಗುತ್ತದೆ. ಹಳಬರು ಬಿಡಿ ಉಂಗುರವೊಂದನ್ನು ಜೇಬಿನಲ್ಲಿಟ್ಟುಕೊಂಡೇ ಕಾಡಿಗೆ ಹೋಗುತ್ತಾರೆ, 'ಬಹಳ ನಂಬಿಕೆಯ ಕೋವಿ' ಎಂದೂ ಅನ್ನುತ್ತಾರೆ. ಈ ಎರಡರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ಯಾವುದು ಕೆಡುತ್ತದೆ ಎಂದು ಗೊತ್ತಿದ್ದು, ಅದರ ಮದ್ದು ಜೇಬಿನಲ್ಲಿದ್ದರೆ ಆ ಕೋವಿಯನ್ನು ನೆಚ್ಚಬಹುದು. ಹೊಸಬ ಹಳೆಯ ಕೋವಿ ಕೊಂಡು, ಉಂಗುರ ಎಂಬುದೊಂದು ಇದೆಯೆಂದೇ ತಿಳಿಯದೆ ಶಪಿಸಿದರೆ ಅದು ಬೇರೆ ಮಾತು. ನೂರು ವರ್ಷದ ಹಿಂದೆ ಜಾನ್ ಬ್ರೌನಿಂಗ್‌ನ ಆಟೋ-5 ಕೋವಿಗೂ ಇದೇ ಗತಿ ಬಂದಿತ್ತು. ಭಾರದ ತೋಟೆಗೊಂದು ಕ್ರಮ, ಹಗುರದ ತೋಟೆಗೊಂದು ಕ್ರಮ ಎಂದು ಒಳಗಿನ ಉಂಗುರಗಳನ್ನು ಬದಲಿಸಿ ಜೋಡಿಸಬೇಕಿತ್ತು. ಜೋಡಿಸದವರು ಕೋವಿಯನ್ನು ಬೈದರು.

ತೋಟೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಮೂರೂವರೆ ಇಂಚಿನ ವ್ಯಾಮೋಹದ ಬಗ್ಗೆ ನನಗೆ ಗೌರವವಿಲ್ಲ. 12 ಬೋರಿನ ಈ ಉದ್ದನೆಯ ತೋಟೆ 1988ರಲ್ಲಿ ಬಂತು. ಸೀಸದ ಚರೆಯ ಕಾಲದಲ್ಲಿ ಅದಕ್ಕೊಂದು ಅರ್ಥವಿದ್ದಿರಬಹುದು. ಈಗ ಟಂಗ್‌ಸ್ಟನ್ ಚರೆ ಇದೆ. ಒಂದು ಘನ ಸೆಂಟಿಮೀಟರ್‌ಗೆ ಸೀಸ 11 ಗ್ರಾಂ ಚಿಲ್ಲರೆ ತೂಗಿದರೆ ಇದು 18 ಗ್ರಾಂ ತೂಗುತ್ತದೆ. ಸಾಸಿವೆಯಂಥ 9ನೇ ನಂಬರಿನ ಚರೆಯೂ ನಲವತ್ತು ಗಜದಲ್ಲಿ ಕೆಲಸ ಮುಗಿಸುತ್ತದೆ, 20 ಬೋರಿನ ಹಗುರ ಕೋವಿಯೂ ಸಾಕು. ಆದರೂ ಜನ ಮೂರೂವರೆ ಇಂಚಿನ ಸೆಮಿ ಆಟೋಮ್ಯಾಟಿಕ್ ಕೊಳ್ಳುತ್ತಾರೆ, ಬೇಸಿಗೆಯಲ್ಲಿ ಅದಕ್ಕೆ ಬಿಲ್ಲೆ ಹೊಡೆಯುವ ಅಗ್ಗದ ಹಗುರ ತೋಟೆ ಹಾಕುತ್ತಾರೆ, ಅದು ಖಾಲಿ ತೋಟೆಯನ್ನು ಉಗುಳದೆ ಸಿಕ್ಕಿಸಿಕೊಂಡರೆ 'ದರಿದ್ರ ಕೋವಿ' ಎನ್ನುತ್ತಾರೆ. ಎತ್ತಿನ ಗಾಡಿಯ ನೊಗಕ್ಕೆ ಕರು ಕಟ್ಟಿದರೆ ಗಾಡಿ ಹೊರಡುವುದಿಲ್ಲ. ಈ ದೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇದರ ತಿರುಗಾಮುರುಗಾ ಇನ್ನೊಂದಿದೆ: ಟಂಗ್‌ಸ್ಟನ್ ತೋಟೆ ದುಬಾರಿ ಎಂದು ಅದನ್ನು ಒಂದೂ ಹಾರಿಸಿ ನೋಡದೆ, ಅಗ್ಗದ ತೋಟೆಯಲ್ಲಿ ಕೋವಿ ಚೆನ್ನಾಗಿ ನಡೆಯಿತು ಎಂದು ಸಮಾಧಾನಪಟ್ಟು ಕಾಡಿಗೆ ಹೋಗುವವರು. ಬೇಟೆಗೆ ಬಳಸುವ ತೋಟೆಯಲ್ಲೇ ಕೋವಿಯನ್ನು ನೋಡದವನ ಅಭಿಪ್ರಾಯ ಹೊಗಳಿಕೆಯಾದರೂ ಅಷ್ಟೆ, ತೆಗಳಿಕೆಯಾದರೂ ಅಷ್ಟೆ.

ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ಊರವರೆಲ್ಲ ಸೇರಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುತ್ತಾರೆ. ಪೂಜೆಯಾದ ಕೋವಿಗೆ ನಾಲ್ಕು ಜನರ ಎದುರು ಪರೀಕ್ಷೆಯೂ ಆಗಿಹೋಗುತ್ತದೆ. ನಮ್ಮ ನೆರೆಯವರ ಕೋವಿಗೆ ಪೂಜೆಗೇನೂ ಕಡಿಮೆಯಿಲ್ಲ. ತೆಂಗಿನಕಾಯಿಯ ಭಾಗವೇ ಬಿಟ್ಟುಹೋಗಿದೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು ಎಂದು ಅಮೆರಿಕದ ಕನ್ನಡಿಗ ಗೆಳೆಯರೊಬ್ಬರು ಕೇಳಿದ್ದರು, ಬೇಟೆಯ ಹುಚ್ಚು ಹೊಸದಾಗಿ ಹತ್ತಿದವರು. ವರ್ಷಕ್ಕೆ ಎರಡು ಈಡು ಹಾರಿಸುವವರಿಗೆ ಸೆಮಿ ಆಟೋಮ್ಯಾಟಿಕ್ ಬೇಕೇ ಬೇಕು ಎಂದು ನಾನು ಒಪ್ಪುವುದಿಲ್ಲ. ಎರಡನೆಯ ಈಡಿಗೆ ಮೈ ಅಲುಗಾಡಿಸಬೇಕಿಲ್ಲ, ಒದೆತ ಕಡಿಮೆ, ಈ ಎರಡು ಲಾಭ ನಿಜ. ಬೇಕೆಂದರೆ ಮೂರು ಇಂಚಿನ ತೋಟೆಯ, ಅನಿಲದಿಂದ ನಡೆಯುವ 20 ಬೋರಿನದು ನನ್ನ ಆಯ್ಕೆ. ಅಂಗಡಿಯಲ್ಲಿ ಬಿಡಿಭಾಗ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ರೆಮಿಂಗ್ಟನ್‌ನಂಥ ಹಳೆಯ ಮನೆತನವೇ 2020ರಲ್ಲಿ ದಿವಾಳಿಯಾಗಿ ಹಂಚಿಹೋಯಿತು. ಕಂಪನಿಯೇ ಇಲ್ಲವಾದ ಮೇಲೆ ಕೋವಿ ಎಷ್ಟು ಗಟ್ಟಿಯಾದರೇನು?

ಮಾಲೀಕರನ್ನು ಕೇಳುವುದಾದರೆ 'ಹೇಗಿದೆ' ಎಂದು ಕೇಳಬೇಡಿ. ಎಷ್ಟು ಈಡಾಗಿದೆ, ಯಾವ ತೋಟೆ, ಕೊನೆಯ ಸಲ ನಿಂತದ್ದು ಯಾವಾಗ, ಆಗ ಏನು ಮಾಡಿದಿರಿ ಎಂದು ಕೇಳಿ. ನಾಲ್ಕಕ್ಕೂ ಉತ್ತರ ಕೊಟ್ಟವರ ಮಾತನ್ನು ಬರೆದಿಟ್ಟುಕೊಳ್ಳಿ. ಬೋಲ್ಟನ್ನು ಮೆಲ್ಲಗೇ ಬಿಡಬೇಕಾಗಿ ಬಂದರೆ, ಬಿಟ್ಟ ಮೇಲೆ ಅದರ ಹಿಡಿಕೆಯನ್ನು ಅಂಗೈಯಿಂದ ಒಮ್ಮೆ ಮುಂದಕ್ಕೆ ಒತ್ತಿ, ಬೀಗ ಬಿದ್ದಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ನಮ್ಮ ನೆರೆಯವರು ಈ ಸಲದ ಮೇ ತಿಂಗಳ ಬೇಟೆಗೆ ಮೊದಲು 50 ತೋಟೆ ತಂದಿಟ್ಟಿದ್ದಾರೆ, ಇನ್ನೂ ಡಬ್ಬಿ ಒಡೆದಿಲ್ಲ.