ಮೈಲುತುತ್ತವೂ ಅಡಕೆಯ ಕೊನೆಯೂ

ಕಾವ್ಯವನ್ನೋ ನಾಟಕವನ್ನೋ ವಿಮರ್ಶೆಗೆ ಎತ್ತಿಕೊಳ್ಳುವುದು ವಾಡಿಕೆಯಾಗಿರುವಾಗ, ತೋಟದ ಮೂಲೆಯ ಪೀಪಾಯಿಯಲ್ಲಿ ಕದಡಿಟ್ಟ ಒಂದು ಮದ್ದನ್ನು ವಿಮರ್ಶಿಸಲು ಹೊರಡುವುದು ಕೆಲವರಿಗೆ ವಿನೋದವಾಗಿ ಕಂಡೀತು. ಆದರೆ ಮಲೆನಾಡಿನ ಅಡಕೆ ತೋಟಗಳಲ್ಲಿ ಮೃಗಶಿರೆ ಮಳೆ ಹಿಡಿಯುವುದಕ್ಕೆ ಮುನ್ನ ವರ್ಷವರ್ಷವೂ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೂ ಒಬ್ಬ ಕರ್ತೃವುಂಟು, ದೂರದೇಶದ ಮೂಲವೊಂದುಂಟು, ಮನೆಮನೆಗೂ ಬೇರೆಯಾಗುವ ಪಾಠಾಂತರಗಳುಂಟು. ಶತಮಾನಕ್ಕೂ ಮಿಗಿಲಾಗಿ ಬಳಕೆಯಲ್ಲಿ ಉಳಿದುಬಂದಿರುವ ಈ ಕೃತಿಯ ಗುಣದೋಷಗಳನ್ನು ತೂಗಿನೋಡುವುದರಲ್ಲಿ ಅನುಚಿತವೇನೂ ಇಲ್ಲ. ಅನ್ವಯಿಕ ಸಂಶೋಧನೆಯೆಂದರೆ ಶುದ್ಧ ವಿಜ್ಞಾನವು ಉಂಡು ಬಿಟ್ಟ ಶೇಷವನ್ನು ಹೊಲಗದ್ದೆಗಳಿಗೆ ಬಡಿಸುವ ಕೆಲಸವೆಂದು ಭಾವಿಸಿರುವ ವಿದ್ವಾಂಸರು ನಮ್ಮಲ್ಲಿ ಇಂದಿಗೂ ಇರುವುದರಿಂದ, ಆ ಭಾವನೆಯನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಬಹುದು.

ಕೊಳೆರೋಗವನ್ನು ಕಣ್ಣಾರೆ ಕಾಣದವರಿಗೆ ಅದರ ಕ್ರೌರ್ಯ ತಿಳಿಯದು. ಆಷಾಢದ ಮಳೆ ಬಿಡದೆ ಹೊಯ್ಯುತ್ತ, ನಡುನಡುವೆ ಒಂದೊಂದು ಗಳಿಗೆ ಎಳೆಬಿಸಿಲು ಇಣುಕಿ ಮರೆಯಾಗುತ್ತಿರುವಾಗ, ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಡುಹಸುರಿನ ಮಚ್ಚೆಯೊಂದು ಮೂಡುತ್ತದೆ. ಕೆಲವೇ ದಿನಗಳಲ್ಲಿ ಕಾಯಿ ತನ್ನ ಹೊಳಪನ್ನು ಕಳೆದುಕೊಂಡು ಉದುರುತ್ತದೆ. ಬೆಳಗ್ಗೆ ತೋಟಕ್ಕಿಳಿದವನ ಕಾಲಡಿಯಲ್ಲಿ ಆ ವರ್ಷದ ಸಾಲಸೋಲ, ಮದುವೆ ಮುಂಜಿಗಳೆಲ್ಲ ಬಿಳಿಯ ಬೂಷ್ಟು ಹಿಡಿದು ಬಿದ್ದಿರುತ್ತವೆ. ದಕ್ಷಿಣ ಕನ್ನಡದವರು ಇದನ್ನು ಮಹಾಳಿ ಎನ್ನುತ್ತಾರೆ. ಕೊಳೆರೋಗವೆಂಬ ನಮ್ಮ ಮಾತು ಎಂಥ ಸಾರ್ಥಕ ಶಬ್ದವೆಂದರೆ, ಮೈಸೂರು ಸೀಮೆಯ ಕಾಫಿ ಗಿಡಗಳನ್ನು ಕಾಡುತ್ತಿದ್ದ ಬೇರೊಂದು ಕೊಳೆಯ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸನು 1876ರಲ್ಲಿ ನಾಮಕರಣ ಮಾಡುವಾಗ, ಲ್ಯಾಟಿನ್ನಿನ ಮಗ್ಗುಲಿಗೆ ಈ ಕನ್ನಡ ಪದವನ್ನೇ ಕೂರಿಸಿ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಕರೆದನು.

ವಿಜ್ಞಾನಿಯೊಬ್ಬನು ತೋಟಕ್ಕೆ ಕಾಲಿಡುವ ಮುನ್ನ ಬೆಳೆಗಾರರು ಕೈಕಟ್ಟಿ ಕುಳಿತಿದ್ದರೆಂದು ತಿಳಿಯತಕ್ಕದ್ದಲ್ಲ. ಕರಡದ ಹುಲ್ಲಿನಿಂದಲೋ ಅಡಕೆಯ ಹಾಳೆಯಿಂದಲೋ ಕೊಟ್ಟೆ ಮಾಡಿ, ಮಳೆಗೆ ಮೊದಲು ಪ್ರತಿಯೊಂದು ಕೊನೆಗೂ ಅದನ್ನು ಗೊರಬೆಯಂತೆ ಹೊದಿಸಿ ಕಟ್ಟುವ ಪದ್ಧತಿ ಅವರಲ್ಲಿತ್ತು. ಇದನ್ನು ಹಳಬರ ಗೊಡ್ಡು ಆಚಾರವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗೆ ಒಂದು ಸಿದ್ಧಾಂತವೇ ಅಡಗಿದೆ. ರೋಗದ ಬೀಜ ಯಾವುದೆಂದು ಅವರಿಗೆ ತಿಳಿದಿರಲಿಲ್ಲ, ಅದು ಏರಿಬರುವ ವಾಹನ ನೀರೆಂಬುದು ಮಾತ್ರ ನಿಸ್ಸಂದೇಹವಾಗಿ ತಿಳಿದಿತ್ತು. ಆದುದರಿಂದ ಕೊಟ್ಟೆಯ ಕೊರತೆ ತತ್ತ್ವದಲ್ಲಿರಲಿಲ್ಲ, ದುಡಿಮೆಯಲ್ಲಿತ್ತು. ಸಾವಿರಾರು ಮರಗಳಿಗೆ ಅಷ್ಟೊಂದು ಕೊಟ್ಟೆಗಳನ್ನು ಹೊಂದಿಸುವುದೂ, ಸಕಾಲದಲ್ಲಿ ಕಟ್ಟಿಸುವುದೂ, ಕೂಳೇ ಸಾಲದ ಬಡ ಬೆಳೆಗಾರನ ಶಕ್ತಿಗೆ ಮೀರಿದ್ದಾಗಿತ್ತು.

ಕೆನಡಾದಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್ನಿನಲ್ಲಿ ವ್ಯಾಸಂಗ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅವರು ಈ ರೋಗದ ವಿಚಾರವಾಗಿ 1910ರಲ್ಲಿ ಪ್ರಕಟಿಸಿದ ವರದಿಯೇ ನಮ್ಮ ವಿಮರ್ಶೆಯ ಮೂಲಪಾಠ. ಮುಂದೆ ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿ, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿಯ ಪ್ರಯೋಗಶಾಲೆ ತಲೆಯೆತ್ತುವುದಕ್ಕೂ ಕಾರಣರಾದ ಈ ಮಹನೀಯರ ಹೆಸರು ಜೋಳದ ಹೊಲದ ಒಂದು ಮಿಡತೆಗೂ ಅಂಟಿಕೊಂಡಿದೆ. ತಾವು ಯಾವ ಕೀಟದ ಹಾವಳಿಯನ್ನು ತಡೆಯಲು ಹೆಣಗಿದರೋ ಆ ಕೀಟದ ಹೆಸರಿನಲ್ಲೇ ಚಿರಂಜೀವಿಯಾಗುವುದು ಎಲ್ಲರಿಗೂ ಒದಗುವ ಭಾಗ್ಯವಲ್ಲ. ಕೊಳೆರೋಗಕ್ಕೆ ಕಾರಣವಾದ ಜೀವಿಯು ಫೈಟಾಫ್ತೊರಾ ಎಂಬ ಕುಲಕ್ಕೆ ಸೇರಿದ್ದೆಂದು ಅವರು ಗುರುತಿಸಿದರು. 1845ರ ಸುಮಾರಿಗೆ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ದೇಶಕ್ಕೆ ದೇಶವನ್ನೇ ಕ್ಷಾಮಕ್ಕೆ ತಳ್ಳಿದ್ದು ಇದೇ ಕುಲದ ದಾಯಾದಿ. ಇದರ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು ಎಂಬ ಸಂಗತಿ ಗೊತ್ತಾದೊಡನೆ, ಕರಡದ ಕೊಟ್ಟೆ ಕಟ್ಟಿದ ಅನಾಮಿಕನ ಊಹೆಗೆ ಸೂಕ್ಷ್ಮದರ್ಶಕದ ಮುದ್ರೆ ಬಿದ್ದಂತಾಯಿತು.

ಮದ್ದನ್ನು ಕೋಲ್ಮನ್ನರು ಹೊಸದಾಗಿ ಸೃಷ್ಟಿಸಲಿಲ್ಲ. ಫ್ರಾನ್ಸಿನ ಮೆಡೋಕ್ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಬಳಿಯುತ್ತಿದ್ದರು. ಆ ಅಸಹ್ಯವಾದ ನೀಲಿ ಹತ್ತಿದ ಬಳ್ಳಿಗಳಿಗೆ ಮಾತ್ರ ಬೂಷ್ಟುರೋಗ ತಗಲದಿದ್ದುದನ್ನು ಬೋರ್ಡೋ ನಗರದ ಪ್ರಾಧ್ಯಾಪಕ ಮಿಲಾರ್ಡೆ 1882ರಲ್ಲಿ ಕಂಡು, ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಲೋಕಕ್ಕೆ ತಿಳಿಸಿದನು. ಕಳ್ಳರ ಕಾಟಕ್ಕೆ ಹುಟ್ಟಿದ ಉಪಾಯವು ಸಸ್ಯವೈದ್ಯದ ದಿವ್ಯೌಷಧವಾಗಿ ಪರಿಣಮಿಸಿದ ಈ ವೃತ್ತಾಂತವನ್ನು ಬಲ್ಲವರಾರೂ ಜ್ಞಾನವು ಸದಾ ಪ್ರಯೋಗಾಲಯದಿಂದ ಹೊಲದ ಕಡೆಗೇ ಹರಿಯುತ್ತದೆಂದು ಹೇಳಲಾರರು.

ಹಾಗಾದರೆ ಕೋಲ್ಮನ್ನರ ಸಂಶೋಧನೆ ಎಲ್ಲಿದೆ? ಎದೆಯೆತ್ತರದ ದ್ರಾಕ್ಷಿಬಳ್ಳಿಯಿಂದ 50-60 ಅಡಿ ಎತ್ತರದ ಅಡಕೆಯ ಮರಕ್ಕೂ, ಹನಿಹನಿಯಾಗಿ ಬೀಳುವ ಫ್ರಾನ್ಸಿನ ಮಳೆಯಿಂದ ಕುಂಭದ್ರೋಣವಾಗಿ ಸುರಿಯುವ ಘಟ್ಟದ ಮಳೆಗೂ ಇರುವ ಅಂತರದಲ್ಲಿದೆ ಎಂದು ನನ್ನ ಅಭಿಪ್ರಾಯ. ಆಗುಂಬೆಯ ಸೆರಗಿನ ತೋಟದಲ್ಲಿ ಹೊಡೆದ ಮದ್ದು ನಾಲ್ಕು ದಿನದ ಮಳೆಗೆ ತೊಳೆದು ಹೋದರೆ ಅದರಿಂದ ಫಲವೇನು? ಆದುದರಿಂದ ರಾಳವನ್ನು ಸೋಡಾದೊಡನೆ ಕುದಿಸಿದ ಅಂಟನ್ನು ದ್ರಾವಣಕ್ಕೆ ಸೇರಿಸಿ, ನುಣುಪಾದ ಕಾಯಿಯ ಮೈಗೆ ಅದು ಕಚ್ಚಿಕೊಳ್ಳುವಂತೆ ಮಾಡಬೇಕಾಯಿತು. ತಾಮ್ರವು ಒಳಹೊಕ್ಕ ರೋಗವನ್ನು ವಾಸಿಮಾಡಲಾರದು, ಹೊರಗಿನಿಂದ ಬರುವುದನ್ನು ಬಾಗಿಲಲ್ಲೇ ತಡೆಯಬಲ್ಲದು. ಆದ್ದರಿಂದ ಮೊದಲ ಸರದಿ ಮಳೆಗಿಂತ ಮುಂಚೆಯೂ, ಎರಡನೆಯದು 40-45 ದಿನಗಳ ಅನಂತರ, ಎಂದರೆ ಪುಷ್ಯದ ಮಳೆಯ ಹೊತ್ತಿಗೆ ಸಿಕ್ಕುವ ಹೊಳವಿನಲ್ಲಿಯೂ ಆಗಬೇಕೆಂಬ ಕಾಲನಿರ್ಣಯ ರೂಢಿಗೆ ಬಂದಿತು. ರಸಾಯನಶಾಸ್ತ್ರದ ಗ್ರಂಥದಲ್ಲಿ ಅಂಟಿಗೂ ನಕ್ಷತ್ರಕ್ಕೂ ಸ್ಥಾನವಿರಲಾರದು. ಆದರೂ ಇವೆರಡಿಲ್ಲದೆ ಮೈಲುತುತ್ತವು ಮಲೆನಾಡಿಗೆ ಬರಿಯ ನೀಲಿಯ ಕಲ್ಲಾಗಿ ಉಳಿಯುತ್ತಿತ್ತು.

ಸಾಗರದ ಕಡೆಯ ನೆಂಟರೊಬ್ಬರ ತೋಟದಲ್ಲಿ ಮದ್ದು ಕದಡುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಒಂದು ಕಿಲೋ ಮೈಲುತುತ್ತ 50 ಲೀಟರು ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ತಿಳಿಗೆ ಸಣ್ಣಗೆ ಹೊಯ್ಯುತ್ತ, ಬಿದಿರು ಗಳುವಿನಿಂದ ಬಿಡದೆ ಕದಡುತ್ತಿರಬೇಕು. ಪಾತ್ರೆ ತಗಡಿನದಾಗಿರಕೂಡದು. ಕದಡಿ ಮುಗಿದ ಮೇಲೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನು ತನ್ನ ಸೊಂಟದ ಕತ್ತಿಯನ್ನು ತೆಗೆದು, ಅಲಗನ್ನು ಬೂದಿಯಿಂದ ಉಜ್ಜಿ ಬೆಳಗಿ, ದ್ರಾವಣದಲ್ಲಿ ಅರೆಗಳಿಗೆ ಅದ್ದಿ ಬೆಳಕಿಗೆ ಹಿಡಿದನು. “ಕೆಂಪು ಏರ್ತು ಹೆಗಡೇರೆ, ಇನ್ನೊಂದು ತಂಬಿಗೆ ಸುಣ್ಣದ ನೀರು ಬಿಡಿ” ಎಂದನು. ಅಲಗಿನ ಮೇಲೆ ತಾಮ್ರ ಕೂತಿತೆಂದರೆ ಹುಳಿ ಹೆಚ್ಚಾಗಿದೆಯೆಂದೂ, ಆ ಮದ್ದು ಎಳೆಗಾಯಿಯನ್ನು ಸುಡುವುದೆಂದೂ ಅರ್ಥ. ಮತ್ತೆ ಸುಣ್ಣ ಹೊಯ್ದು, ಮತ್ತೆ ಅದ್ದಿ ನೋಡಿದಾಗ ಕತ್ತಿ ಬೆಳ್ಳಗೇ ಉಳಿದಿತ್ತು. ಶಾಲೆಯ ಮೆಟ್ಟಲು ಹತ್ತದ ಕೈಯೊಂದು ರಸಾಯನಶಾಸ್ತ್ರದ ಪರೀಕ್ಷೆಯನ್ನು ಅಷ್ಟು ನಿರಾಯಾಸವಾಗಿ ನಡೆಸುವುದನ್ನು ಕಂಡಾಗ, ಸಂಶೋಧನೆಯೊಂದು ಜನಜೀವನದಲ್ಲಿ ಬೆರೆಯುವುದೆಂದರೆ ಇದೇ ಎನ್ನಿಸಿತು. ವರದಿಗಳ ರಾಶಿಯಲ್ಲಿ ಹೂತುಹೋಗುವ ನೂರಾರು ಶಿಫಾರಸುಗಳ ನಡುವೆ ಈ ಒಂದು ಶಿಫಾರಸು ಕತ್ತಿಯ ಅಲಗಿಗೆ ಬಂದು ನಿಂತಿದೆ.

ಇಷ್ಟು ಹೊಗಳಿದ ಮೇಲೆ ದೋಷಗಳಿಗೆ ಬರಬೇಕು. ಮೊದಲನೆಯದಾಗಿ, ಈ ಮದ್ದು ಗೆದ್ದ ರಭಸದಲ್ಲಿ ಜಿಜ್ಞಾಸೆಯೇ ಮಲಗಿತೋ ಎಂಬ ಶಂಕೆ ನನ್ನದು. ಕೊಳೆ ಹೆಚ್ಚಿದ ವರ್ಷ ಎರಡು ಸರದಿಗೆ ಬದಲು ನಾಲ್ಕು ಸರದಿ ಹೊಡೆಯುವವರೂ, ಕಿಲೋಗೆ ಬದಲು ಒಂದೂವರೆ ಕಿಲೋ ಸುರಿಯುವವರೂ ಇದ್ದಾರೆ. ಮೈಲುತುತ್ತದ ತೂಕದಲ್ಲಿ ಕಾಲುಭಾಗ ತಾಮ್ರ. ಅದು ಕಾಯಿಯಿಂದ ತೊಳೆದು ಇಳಿದರೂ ಮಣ್ಣನ್ನು ಬಿಟ್ಟು ಹೋಗುವುದಿಲ್ಲ. ಇದೇ ಮದ್ದಿನ ತವರಾದ ಯೂರೋಪಿನಲ್ಲಿ, ದ್ರಾಕ್ಷಿತೋಟಗಳ ಮಣ್ಣಿನಲ್ಲಿ ತಾಮ್ರ ಸಂಚಯವಾಗುವುದನ್ನು ಕಂಡು, 7 ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋಗಿಂತ ಹೆಚ್ಚು ತಾಮ್ರ ಹಾಕಕೂಡದೆಂದು ಕಟ್ಟಳೆ ಮಾಡಿದ್ದಾರೆ. ನಮ್ಮಲ್ಲಿ ತೋಟಕ್ಕೆ ವರ್ಷವರ್ಷವೂ ಸೊಪ್ಪು ಗೊಬ್ಬರ ಹಾಕಿ ಎರೆಹುಳುವನ್ನು ಬರಮಾಡಿಕೊಳ್ಳುವವನೇ ಮೇಲಿನಿಂದ ಅದಕ್ಕೆ ವಿಷ ಸುರಿಸುತ್ತಿರುವುದನ್ನು ಎತ್ತಿ ಹೇಳುವ ಧ್ವನಿ ಕ್ಷೀಣವಾಗಿದೆ.

ಎರಡನೆಯ ದೋಷ ಇದಕ್ಕಿಂತಲೂ ಆಳವಾದದ್ದು. ಮರದ ಬುಡದಿಂದ ತುದಿಯವರೆಗೆ ಮದ್ದನ್ನು ಹೊತ್ತುಕೊಂಡು ಹೋಗುವ ಮನುಷ್ಯನನ್ನು ಸಂಶೋಧನೆಯು ಬಹುಕಾಲ ತನ್ನ ಸಮಸ್ಯೆಯ ಅಂಗವೆಂದೇ ಎಣಿಸಲಿಲ್ಲ. ಕಾಲಿಗೆ ತಳೆ ಹಾಕಿ, ಕೊಳವೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಏರಿ, ಒಂದು ಮರದ ಕೊನೆಗೆ ಹೊಡೆದಾದ ಮೇಲೆ ಮರವನ್ನೇ ಬಾಗಿಸಿ ತೂಗಿ ಮತ್ತೊಂದಕ್ಕೆ ದಾಟುವ ಆ ವಿದ್ಯೆಗೆ ಜಾರುವ ಹಾವಸೆಯೂ ಬೀಸುವ ಗಾಳಿಯೂ ನಿತ್ಯಶತ್ರುಗಳು. ಎದುರುಗಾಳಿ ಬೀಸಿದರೆ ಹೊಡೆದ ಮದ್ದಿನಲ್ಲಿ ಪಾಲು ಅವನ ಮುಖಕ್ಕೇ ಬರುತ್ತದೆ. ಅವನ ಮಕ್ಕಳು ಮರ ಹತ್ತುವುದನ್ನು ಬಿಟ್ಟು ಪೇಟೆಗೆ ಹೊರಟಾಗಲೇ ಎಲ್ಲರಿಗೂ ಎಚ್ಚರವಾದದ್ದು. ಈಗ ನೆಲದಲ್ಲೇ ನಿಂತು ಹೊಡೆಯಲು ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದಿವೆ, ಸಂತೋಷ. ಕೊಟ್ಟೆಯೂ ಪ್ಲಾಸ್ಟಿಕ್ಕಿನ ವೇಷದಲ್ಲಿ ಮರಳಿ ಬಂದು, ಎರಡು ಸರದಿ ಮದ್ದಿಗೆ ಬದಲು ಒಂದೇ ಸಲ ಕಟ್ಟಿ ನಿಶ್ಚಿಂತರಾಗುವವರ ಪಾಲಿಗೆ ಉಪಯುಕ್ತವಾಗಿದೆ. ಅಜ್ಜನ ಸಿದ್ಧಾಂತ ಹುಸಿಯಾಗಿರಲಿಲ್ಲವೆಂದಾಯಿತು.

ಈ ಕೃತಿಯ ಯೋಗ್ಯತೆಯನ್ನು ಅಳೆಯಲು ಅದರ ಪಕ್ಕದಲ್ಲೇ ಸೋಲೊಂದನ್ನು ಇಟ್ಟುನೋಡಬೇಕು. ಶೃಂಗೇರಿ, ಕೊಪ್ಪ, ಸುಳ್ಯದ ಸಂಪಾಜೆಗಳಲ್ಲಿ ಹಳದಿ ಎಲೆ ರೋಗವು ತೋಟಗಳನ್ನು ಮೆಲ್ಲಗೆ ಬರಿದುಮಾಡುತ್ತ ದಶಕಗಳೇ ಕಳೆದಿವೆ. ಅಡಕೆಗೆಂದೇ 1956ರಲ್ಲಿ ಸ್ಥಾಪಿತವಾದ ವಿಟ್ಲದ ಸಂಶೋಧನಾ ಕೇಂದ್ರವೂ ಇತರರೂ ಶ್ರಮಿಸಿದ್ದರೂ, ಬೆಳೆಗಾರನು ಪೀಪಾಯಿಯಲ್ಲಿ ಕದಡಿ ಹೊಡೆಯಬಲ್ಲ ಮದ್ದು ಇದುವರೆಗೆ ದೊರೆತಿಲ್ಲ. ಅಲ್ಲಿ ವಿದ್ವತ್ತಿನ ಕೊರತೆಯಿದೆಯೆಂದು ನಾನು ನಂಬುವುದಿಲ್ಲ. ಕೊಳೆಯ ಶತ್ರು ಕಾಯಿಯ ಹೊರಮೈಯಲ್ಲಿ ನೀರಿಗಾಗಿ ಕಾದು ಕುಳಿತಿರುತ್ತಾನೆ. ಹಳದಿ ರೋಗದ ಶತ್ರುವಾದರೋ ಮರದ ನಾಳಗಳ ಒಳಗೇ ಮನೆಮಾಡಿದ್ದಾನೆ. ಕೋಲ್ಮನ್ನರಿಗೆ ಒದಗಿದ ಸಮಸ್ಯೆ ಕೈಗೆಟಕುವ ಸಮಸ್ಯೆಯಾಗಿತ್ತೆಂಬುದನ್ನು ಮರೆತು, ಒಂದು ಗೆಲುವನ್ನು ತೋರಿಸಿ ಎಲ್ಲ ಸಂಶೋಧಕರನ್ನೂ ಹಂಗಿಸುವುದು ನ್ಯಾಯವಲ್ಲ. ಇನ್ನು, ಗೆದ್ದ ಶಿಫಾರಸೂ ಸಕಾಲಕ್ಕೆ ತಲಪುತ್ತದೆಂಬ ಭರವಸೆಯಿಲ್ಲ: ಮಳೆಗೆ ಮೊದಲು ಹೊಡೆಯಿರೆಂಬ ಕರಪತ್ರವು ಒಂದು ವರ್ಷ ನಮ್ಮ ನೆಂಟರ ಮನೆಗೆ ಮಳೆ ಹಿಡಿದು ಹದಿನೈದು ದಿನಗಳಾದ ಮೇಲೆ ತಲಪಿತ್ತು. ಅದನ್ನು ಅವರು ಅಡಕೆ ಸುಲಿಯುವ ಚಪ್ಪರದ ಕಂಬಕ್ಕೆ ಸಿಕ್ಕಿಸಿಟ್ಟಿದ್ದರು.

ಕತ್ತಿ ಅದ್ದಿ ನೋಡಿದ ಆ ದಿನ ಸಂಜೆ ಕೆಲಸ ಮುಗಿಸಿ ಕೊನೆಗೌಡನು ತೋಟದಂಚಿನ ಹಳ್ಳದಲ್ಲಿ ಕೈಕಾಲು ತೊಳೆಯುತ್ತಿದ್ದನು. ಸೀಗೆಯಿಂದ ತಿಕ್ಕಿದನು, ಮರಳಿನಿಂದ ಉಜ್ಜಿದನು. ಮಳೆಗೆ ತೊಳೆಯಬಾರದೆಂದು ಬೆರೆಸಿದ ರಾಳವಲ್ಲವೇ. ಉಗುರಿನ ಸಂದಿಯ ನೀಲಿ ಮಾತ್ರ ಬಿಡಲಿಲ್ಲ.