ಗಣಕ ಹುಳುಗಳ ಪ್ರಸರಣ: ಗಣಿತೀಯ ಮಾದರಿಗಳ ಒಂದು ವಿಮರ್ಶೆ

ಬಳಕೆದಾರನ ನೆರವಿಲ್ಲದೆ, ಜಾಲದ ಮೂಲಕ ಒಂದು ಗಣಕದಿಂದ ಮತ್ತೊಂದಕ್ಕೆ ತಾನಾಗಿಯೇ ಹರಡುವ ತಂತ್ರಾಂಶವನ್ನು ‘ಗಣಕ ಹುಳು’ ಎನ್ನುತ್ತಾರೆ. ಇದರ ಪ್ರಸರಣವನ್ನು ವಿವರಿಸಲು ಸಂಶೋಧಕರು ಸಾಂಕ್ರಾಮಿಕ ರೋಗಶಾಸ್ತ್ರದ ಸಮೀಕರಣಗಳನ್ನು ಎರವಲು ಪಡೆದಿದ್ದಾರೆ. ಈ ಎರವಲು ಎಲ್ಲಿಯವರೆಗೆ ಸಮರ್ಥನೀಯ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸಮೀಕರಣಗಳ ಪ್ರಮುಖ ಆಕರ ಕರ್ಮ್ಯಾಕ್ ಮತ್ತು ಮ್ಯಾಕ್‌ಕೆಂಡ್ರಿಕ್ ಅವರ 1927ರ ಪ್ರಬಂಧ. ಅವರು ತಮ್ಮ ಸೂತ್ರವನ್ನು ಹೋಲಿಸಿ ನೋಡಿದ್ದು 1905–06ರ ಮುಂಬಯಿ ಪ್ಲೇಗಿನ ಮರಣಸಂಖ್ಯೆಗಳೊಡನೆ. ವಕ್ರರೇಖೆ ಅಂಕಿಗಳಿಗೆ ಚೆನ್ನಾಗಿ ಹೊಂದಿಕೊಂಡಿತು. ಆದರೆ ಪ್ಲೇಗು ಇಲಿ ಮತ್ತು ಚಿಗಟಗಳ ಮೂಲಕ ಹರಡುವ, ಋತುಮಾನವನ್ನು ಅವಲಂಬಿಸಿದ ರೋಗ. ತಮ್ಮ ಗ್ರಹಿಕೆಗಳು ಕಟ್ಟುನಿಟ್ಟಾಗಿ ಈಡೇರುವುದಿಲ್ಲ, ಫಲಿತಾಂಶ ಸ್ಥೂಲ ಅಂದಾಜು ಮಾತ್ರ ಎಂದು ಆ ಲೇಖಕರೇ ಎಚ್ಚರಿಸಿದ್ದರು. ವಕ್ರರೇಖೆಯ ಹೊಂದಾಣಿಕೆಯು ಕಾರಣದ ವಿವರಣೆಯಲ್ಲ ಎಂಬ ಈ ವಿವೇಕವನ್ನು ಗಣಕ ಹುಳುಗಳ ಅಧ್ಯಯನಕ್ಕೂ ಅನ್ವಯಿಸಬೇಕಾಗಿದೆ.

2001ರ ಜುಲೈ 19ರಂದು ‘ಕೋಡ್ ರೆಡ್’ ಹುಳುವಿನ ಎರಡನೆಯ ರೂಪವು 14 ಗಂಟೆಗಳೊಳಗೆ ಸುಮಾರು 3,59,000 ಗಣಕಗಳನ್ನು ಆಕ್ರಮಿಸಿತು. ಸ್ಟಾನಿಫರ್ಡ್, ಪ್ಯಾಕ್ಸನ್ ಮತ್ತು ವೀವರ್ ಅವರು 2002ರಲ್ಲಿ ಇದನ್ನು ಲಾಜಿಸ್ಟಿಕ್ ಸಮೀಕರಣದಿಂದ ವಿವರಿಸಿದರು. ಆರಂಭದಲ್ಲಿ ಪ್ರತಿ ಸೋಂಕಿತ ಗಣಕವು ಗಂಟೆಗೆ ಸರಾಸರಿ 1.8 ಹೊಸ ಗಣಕಗಳನ್ನು ಆಕ್ರಮಿಸುತ್ತಿತ್ತು ಎಂಬುದು ಅವರ ಅಂದಾಜು. ಇಲ್ಲಿ ಎರವಲು ಸಾರ್ಥಕವೇ ಆಗಿದೆ. ಎಲ್ಲರೂ ಎಲ್ಲರೊಡನೆ ಸಮಾನವಾಗಿ ಬೆರೆಯುತ್ತಾರೆ ಎಂಬ ಗ್ರಹಿಕೆ ಮನುಷ್ಯ ಸಮಾಜದಲ್ಲಿ ಕೃತಕವಾದುದು. ಸುಮಾರು 430 ಕೋಟಿ ವಿಳಾಸಗಳಲ್ಲಿ ಯಾದೃಚ್ಛಿಕವಾಗಿ ತಡಕಾಡುವ ಹುಳುವಿನ ವಿಷಯದಲ್ಲಿ ಅದು ಬಹುಮಟ್ಟಿಗೆ ವಾಸ್ತವವಾಗಿದೆ.

ಆದರೆ ಇದೇ ನಿದರ್ಶನ ಮಾದರಿಯ ಮಿತಿಗಳನ್ನೂ ತೋರಿಸುತ್ತದೆ. ಮೊದಲನೆಯದಾಗಿ, ಅದೇ ತಿಂಗಳಲ್ಲಿ ಕೆಲವು ದಿನ ಮುಂಚೆ ಕಾಣಿಸಿಕೊಂಡ ಮೊದಲ ರೂಪವು ಅಷ್ಟಾಗಿ ಹರಡಲಿಲ್ಲ. ಅದರ ಯಾದೃಚ್ಛಿಕ ಸಂಖ್ಯೆಗಳ ಮೂಲಬೀಜ ಸ್ಥಿರವಾಗಿದ್ದುದರಿಂದ ಸೋಂಕಿತ ಗಣಕಗಳೆಲ್ಲವೂ ಒಂದೇ ವಿಳಾಸಪಟ್ಟಿಯನ್ನು ತಡಕುತ್ತಿದ್ದವು. ಎರಡನೆಯದಾಗಿ, ಜುಲೈ 19ರ ಮಧ್ಯರಾತ್ರಿ ಪ್ರಸರಣ ನಿಂತದ್ದು ಹುಳುವಿನೊಳಗೇ ಬರೆದಿದ್ದ ದಿನಾಂಕದ ಷರತ್ತಿನಿಂದ. ಕೇವಲ ಅಂಕಿಗಳನ್ನು ನೋಡುವವನು ಮೊದಲನೆಯದನ್ನು ದುರ್ಬಲ ಸೋಂಕೆಂದೂ ಎರಡನೆಯದನ್ನು ಪ್ರತಿರೋಧದ ಫಲವೆಂದೂ ಭಾವಿಸಬಹುದು. ಎರಡೂ ತಪ್ಪು.

2003ರ ಜನವರಿ 25ರ ‘ಸ್ಲ್ಯಾಮರ್’ ಪ್ರಕರಣ ಇನ್ನೊಂದು ಕೊರತೆಯನ್ನು ಬಯಲುಮಾಡಿತು. ಆರಂಭದಲ್ಲಿ ಸೋಂಕಿತರ ಸಂಖ್ಯೆ 8.5 ಸೆಕೆಂಡುಗಳಿಗೊಮ್ಮೆ ಇಮ್ಮಡಿಯಾಗುತ್ತಿತ್ತು. ಸುಮಾರು 10 ನಿಮಿಷಗಳಲ್ಲಿ ದುರ್ಬಲ ಗಣಕಗಳ ಶೇ. 90ರಷ್ಟು ಸೋಂಕಿಗೆ ಒಳಗಾದವು. ಆದರೆ ಮೊದಲ ಕೆಲವು ನಿಮಿಷಗಳಲ್ಲೇ ವೇಗ ಕುಗ್ಗತೊಡಗಿತು: ಹುಳುವಿನ ದಟ್ಟಣೆಯೇ ಜಾಲದ ಹಾದಿಯನ್ನು ಕಟ್ಟಿಹಾಕಿತ್ತು. ಸ್ಥಿರ ಸೋಂಕುದರವನ್ನು ನಂಬಿದ ಸಮೀಕರಣದಲ್ಲಿ ಇದಕ್ಕೆ ಸ್ಥಾನವಿಲ್ಲ.

ಝೌ, ಗಾಂಗ್ ಮತ್ತು ಟೌಸ್ಲಿ ಅವರು 2002ರಲ್ಲಿಯೇ ಮಂಡಿಸಿದ ‘ದ್ವಿಕಾರಕ ಮಾದರಿ’ಯು ಜಾಲದ ದಟ್ಟಣೆ ಹಾಗೂ ಮನುಷ್ಯರ ಪ್ರತಿಕ್ರಮ ಇವೆರಡನ್ನೂ ಒಳಗೊಂಡಿತ್ತೆಂಬುದು ಶ್ಲಾಘನೀಯ. ಆದರೂ ಪ್ರತಿಕ್ರಮವನ್ನು ಒಂದು ಗುಣಾಂಕವಾಗಿ ಬರೆದ ಮಾತ್ರಕ್ಕೆ ಅದರ ಸ್ವರೂಪ ತಿಳಿದಂತಾಗುವುದಿಲ್ಲ. ಸ್ಲ್ಯಾಮರ್ ಬಳಸಿಕೊಂಡ ದೋಷಕ್ಕೆ ಪರಿಹಾರ ತಂತ್ರಾಂಶವು 2002ರ ಜುಲೈಯಲ್ಲೇ ಲಭ್ಯವಿತ್ತು. ಕನಿಷ್ಠ 75,000 ಗಣಕಗಳಲ್ಲಿ ಅದನ್ನು ಅಳವಡಿಸಿರಲಿಲ್ಲ. ಹತ್ತು ನಿಮಿಷಗಳ ಪ್ರಸರಣದ ನಡುವೆ ಮನುಷ್ಯ ಮಾಡಬಹುದಾದುದು ಅತ್ಯಲ್ಪ. ಅದಕ್ಕೆ ಮುಂಚಿನ ಆರು ತಿಂಗಳುಗಳೇ ನಿರ್ಣಾಯಕವಾಗಿದ್ದವು.

ಆದ್ದರಿಂದ ಸೋಂಕು ಆರಂಭವಾದ ಕ್ಷಣವನ್ನೇ ಶೂನ್ಯಕಾಲವೆಂದು ಎಣಿಸುವ ಮಾದರಿಯು ದುರಂತದ ಮುಖ್ಯ ಭಾಗವನ್ನು ಲೆಕ್ಕದಿಂದ ಹೊರಗಿಡುತ್ತದೆ. ದುರ್ಬಲ ಗಣಕಗಳ ಆರಂಭಿಕ ಸಂಖ್ಯೆಯನ್ನು ಅದು ದತ್ತವೆಂದು ಸ್ವೀಕರಿಸುತ್ತದೆ. ಆ ಸಂಖ್ಯೆ ಅಷ್ಟು ದೊಡ್ಡದಾಗಿ ಉಳಿದದ್ದೇಕೆ ಎಂಬ ಪ್ರಶ್ನೆಯೇ ಮುಂದಿನ ಸಂಶೋಧನೆಯ ವಸ್ತುವಾಗಬೇಕು.