ಲ್ಯೂಗರ್‌ನ ನಯ, ಬ್ರೌನಿಂಗ್‌ನ ಸಡಿಲ

ಹಳೆಯ ಪಿಸ್ತೂಲುಗಳ ಸಂಗ್ರಾಹಕರಲ್ಲಿ ಲ್ಯೂಗರ್‌ಗೆ ವಿಶೇಷ ಮರ್ಯಾದೆ. ಹ್ಯೂಗೋ ಬೋರ್ಚಾರ್ಟ್ 1893ರಲ್ಲಿ ರೂಪಿಸಿದ ದೊಡ್ಡ ಪಿಸ್ತೂಲನ್ನು ಜಾರ್ಜ್ ಲ್ಯೂಗರ್ ತಿದ್ದಿತೀಡಿ ಕೈಗೆ ಒಗ್ಗಿಸಿದ; 1908ರಲ್ಲಿ ಜರ್ಮನ್ ಭೂಸೇನೆ ಅದನ್ನು ಒಪ್ಪಿಕೊಂಡಿತು. ಉಕ್ಕು ಕಡೆದಿರುವ ರೀತಿ ನೋಡಿದರೆ ಆ ಮೆಚ್ಚುಗೆ ಸುಳ್ಳಲ್ಲ. ವಿನ್ಯಾಸಕ್ಕೂ ಅದೇ ಮನ್ನಣೆ ಕೊಡಲು ಮಾತ್ರ ನನಗೆ ಮನಸ್ಸಿಲ್ಲ.

ಗುಂಡು ಹಾರುವಾಗ ಲ್ಯೂಗರ್‌ನ ನಳಿಗೆಯ ಹಿಂಬದಿಯನ್ನು ಮುಚ್ಚಿ ಹಿಡಿಯುವುದು ಎರಡು ತೋಳುಗಳ ಒಂದು ಕೀಲು. ನೆಟ್ಟಗೆ ಚಾಚಿದ ಮೊಣಕಾಲಿನಂತೆ ಅದು ಹೊಡೆತ ತಾಳುತ್ತದೆ. ನಳಿಗೆಯೊಡನೆ ತುಸು ಹಿಂದೆ ಸರಿದು ಚೌಕಟ್ಟಿನ ಇಳಿಜಾರಿಗೆ ತಾಗಿದೊಡನೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಇದಕ್ಕೆ ಪ್ರತಿ ಪಿನ್ನೂ ಪ್ರತಿ ತೂತೂ ಅಳತೆಗೆ ಕೂರಬೇಕು, ಫಿಟ್ಟರ್ ಕೈಯಾರೆ ಹೊಂದಿಸಬೇಕು. ಅದಕ್ಕೇ ಸಣ್ಣ ಬಿಡಿಭಾಗಗಳ ಮೇಲೂ ಪಿಸ್ತೂಲಿನ ಸಂಖ್ಯೆಯ ಕೊನೆಯ ಎರಡಂಕಿ ಒತ್ತುತ್ತಿದ್ದರು. ಆ ಅಂಕಿಗಳು ಹೊಂದಿದರೆ ಸಂಗ್ರಾಹಕರು ಹಿಗ್ಗುತ್ತಾರೆ. ನನಗೆ ಕಾಣುವುದು ಒಂದರ ಭಾಗ ಇನ್ನೊಂದಕ್ಕೆ ಕೂರುವ ಭರವಸೆ ಇರಲಿಲ್ಲವೆಂಬ ಸಂಗತಿ. ಸೈನಿಕನ ಆಯುಧಕ್ಕೆ ಅದು ದೊಡ್ಡ ಕೊರತೆ. ದುಬಾರಿ ತಯಾರಿಕೆಯಿಂದ ಬೇಸತ್ತ ಜರ್ಮನ್ ಸೇನೆಯೇ 1938ರಲ್ಲಿ ವಾಲ್ತರ್ ಪಿ38 ಕಡೆಗೆ ಹೊರಳಿತು.

ಜಾನ್ ಬ್ರೌನಿಂಗ್‌ನ 1911 ಪಿಸ್ತೂಲು ಈ ವಿಷಯದಲ್ಲಿ ಬಹಳ ಮುಂದಿದೆ. ನಳಿಗೆಯ ಬೆನ್ನಿನ ಏಣುಗಳು ಸ್ಲೈಡಿನ ತೋಡುಗಳಲ್ಲಿ ಕೂತಿರುತ್ತವೆ. ಅಡಿಯ ಪುಟ್ಟ ಕೊಂಡಿ ನಳಿಗೆಯನ್ನು ಕೆಳಕ್ಕೆಳೆದಾಗ ಬಿಡಿಸಿಕೊಳ್ಳುತ್ತವೆ. ಬಿಗಿ ಬೇಕಾದ ಜಾಗ ಕೆಲವೇ, ಉಳಿದೆಡೆ ಸಡಿಲವಿದ್ದರೂ ಕೆಲಸ ಕೆಡದು. ಎರಡನೇ ಮಹಾಯುದ್ಧದಲ್ಲಿ ಬೆರಳಚ್ಚು ಯಂತ್ರದ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್‌ಗಳ ಯೂನಿಯನ್ ಸ್ವಿಚ್ ಕಂಪನಿಗಳೂ ಇದನ್ನು ತಯಾರಿಸಿಕೊಟ್ಟವು. ಲ್ಯೂಗರ್‌ನೊಂದಿಗೆ ಅದು ಆಗುತ್ತಿತ್ತೆಂದು ನಾನು ನಂಬಲಾರೆ.

ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಡಿಯುಡೊನೆ ಸೇವ್ ಮುಗಿಸಿದ ಹೈ-ಪವರ್‌ನಲ್ಲಿ ಆ ಕೊಂಡಿಯೂ ಹೋಯಿತು, ನಳಿಗೆಯಡಿಯ ಉಕ್ಕಿನಲ್ಲೇ ಕಡೆದ ಇಳಿಜಾರು ಅದರ ಕೆಲಸ ಮಾಡಿತು. ಇಷಾಪುರದ ಕಾರ್ಖಾನೆ ನಮ್ಮ ಸೇನೆಗೆ ಮಾಡಿಕೊಟ್ಟದ್ದು ಇದರ ರೂಪವನ್ನೇ. ಮ್ಯಾಗಜೀನ್ ಇಲ್ಲದಿದ್ದರೆ ಗುಂಡು ಹಾರದಂತೆ ಸೇರಿಸಿದ ತಡೆ ಮಾತ್ರ ಟ್ರಿಗರ್‌ನ ಎಳೆತವನ್ನು ಕೆಡಿಸಿತು.

ರಷ್ಯಾದ ಟೋಕರೆವ್‌ಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಗುಂಡಿಗೆ ದಾರಿ ತೋರುವ ತುಟಿಗಳನ್ನು ಆತ ಮ್ಯಾಗಜೀನ್‌ನ ತಗಡಿಗೆ ಬಿಡದೆ, ಸುತ್ತಿಗೆ ಕೂರುವ ಗಟ್ಟಿ ಉಕ್ಕಿನ ಘಟಕದಲ್ಲೇ ಕಡೆದ. ಮ್ಯಾಗಜೀನ್ ತುಸು ನೆಗ್ಗಿದರೂ ನಡೆಯುತ್ತದೆ. ಯುದ್ಧಕಾಲದಲ್ಲಿ ತಯಾರಾದ ಆತನ ಟಿಟಿ ಪಿಸ್ತೂಲಿನ ಮೈಮೇಲೆ ಕಟ್ಟರ್ ಉಳಿಸಿದ ಗೆರೆಗಳನ್ನು ಕಂಡು ಅದನ್ನು ಕೀಳೆನ್ನುವವರು ತಪ್ಪು ಜಾಗ ನೋಡುತ್ತಿದ್ದಾರೆ. ಅದರ ನಿಜವಾದ ದೋಷ, ಸುತ್ತಿಗೆಯನ್ನು ಅರ್ಧದಲ್ಲಿ ನಿಲ್ಲಿಸುವ ಕಚ್ಚೊಂದನ್ನು ಬಿಟ್ಟರೆ ಬೇರೆ ಸೇಫ್ಟಿಯೇ ಇಲ್ಲದಿರುವುದು.